ಮಿರ್ಚಿ ಗಂಗಪ್ಪನ ಕೈಯಲ್ಲಿ ಹುಟ್ಟಿದ ಉಂಗುರ

ಮಾಗಿಯ ಚಳಿ, ಇನ್ನೂ ನಸುಕು. ಬಸ್ ನಿಲ್ದಾಣದಲ್ಲಿ ಮಿರ್ಚಿ ಕರಿಯುವ ಗಂಗಪ್ಪನ ಬಲಗೈಯ ಸುಟ್ಟ ಗಾಯದಲ್ಲಿ ನಾನು ಹುಟ್ಟಿದೆ. ನಾನು ಒಂದು ಉಂಗುರ. ಬೆರಳಿಗೆ ಹಾಕುವುದಲ್ಲ, ರೋಗಾಣುವಿನ ಒಡಲಲ್ಲಿರುವ, ಕಣ್ಣಿಗೆ ಕಾಣದ ವಂಶಬರಹದ ಉಂಗುರ. ನನ್ನನ್ನು ಹೊತ್ತ ಆ ರೋಗಾಣುವೇ ನನ್ನ ಒಡತಿ. ನನ್ನನ್ನು ನಕಲು ಮಾಡುವಾಗ ಅವಳ ಕೈತಪ್ಪಿ ಒಂದಕ್ಷರ ಬೇರೆಯಾಯಿತು. ಅದರಿಂದ ಅವಳಿಗೆ ಔಷಧವನ್ನೇ ಕತ್ತರಿಸುವ ಕತ್ತರಿಯೊಂದು ಸಿಕ್ಕಿತು.

ಆಗಲೇ ಗಂಗಪ್ಪನ ಹೆಂಡತಿ ದ್ಯಾಮವ್ವ ಕ್ಯಾಪ್ಸೂಲ್ ಬಿಚ್ಚಿ, ಗಾಯದ ಮೇಲೆ ಚಿಟಿಕೆ ಪುಡಿ ಉದುರಿಸಿದಳು.

“ಮಿರ್ಚಿಗೆ ಉಪ್ಪು ಹಾಕಿದಂಗ ಹಾಕ್ತೀಯಲ್ಲಲೇ!” ಎಂದ ಗಂಗಪ್ಪ.

“ಸುಮ್ಕ ಕುಂದರ್ರಿ. ಬಾಯಿಗೂ ಒಂದೀಟು ಉದುರಸ್ತೀನಿ ನೋಡ್ರಿ.”

ಒಡತಿಯ ಅಕ್ಕತಂಗಿಯರು ಮೈ ಸಿಡಿದು ಸತ್ತರು. ಒಡತಿ ಉಳಿದಳು. ಹೆಣಗಳ ನಡುವೆ ಕುಳಿತು ಹಲ್ಲು ಕಡಿದೆ: ಈ ಮನೆಯವರನ್ನು ಬಿಡುವುದಿಲ್ಲ.

ಒಡತಿ ಎರಡಾದಳು, ನಾಲ್ಕಾದಳು. ಪ್ರತಿಯೊಬ್ಬಳಲ್ಲೂ ನಾನಿದ್ದೆ. ಕೈ ಬಾತಿತು. ದೊಡ್ಡಾಸ್ಪತ್ರೆಯಲ್ಲಿ ಗಂಗಪ್ಪನಿಗೆ ಬಾಟಲಿ ಏರಿಸಿದರು. ಆ ಔಷಧಕ್ಕೆ ನನ್ನ ಕತ್ತರಿ ಸಾಲಲಿಲ್ಲ. ಮತ್ತೆ ನಮ್ಮವರು ಸತ್ತರು. ಬಾವು ಇಳಿಯಿತು. “ಅಮಾಸಿ ಹೊತ್ತಿಗೆ ಬಾಣಲಿ ಇಡ್ತೀನಿ” ಎಂದು ಗಂಗಪ್ಪ ಪಕ್ಕದ ಮಂಚದವರಿಗೆಲ್ಲ ಹೇಳಿದ. ನನ್ನ ಹೊಟ್ಟೆ ಉರಿಯಿತು.

ದಾರಿ ಮಾಡಿಕೊಟ್ಟವಳು ದ್ಯಾಮವ್ವನೇ. ನರ್ಸ್ ಕಟ್ಟಿದ ಪಟ್ಟಿ ಬಿಗಿಯಾಯಿತೆಂದು ಬಿಚ್ಚಿ, ವಾರ್ಡಿನ ಸಿಂಕಿನಲ್ಲಿ ಸೆರಗು ಅದ್ದಿ ಹಿಂಡಿ, ಗಾಯ ಒರೆಸಿದಳು. ಆ ಸಿಂಕಿನ ಲೋಳೆಯಲ್ಲಿ ಎಷ್ಟೋ ಔಷಧ ಅರಗಿಸಿಕೊಂಡ ಹಳೆಯ ರೋಗಾಣುಗಳಿದ್ದವು. ಸೆರಗು ಹಿಡಿದು ಅವೂ ಬಂದವು. ಒಂದು ರೋಗಾಣು ನನ್ನ ಒಡತಿಗೆ ಸೇತುವೆ ಚಾಚಿ ತನ್ನ ಉಂಗುರ ಕೊಟ್ಟಿತು. ಅದರ ತುಂಡು ನನ್ನೊಳಗೆ ಸೇರಿತು. ಈಗ ನನ್ನ ಕತ್ತರಿಗೆ ಬಾಟಲಿಯ ಔಷಧವೂ ಸಿಕ್ಕಿಬಿತ್ತು.

ಜ್ವರ ಏರಿತು. “ಯವ್ವಾ, ಯಾವ ಔಷಧಾನೂ ಹತ್ತವಲ್ದು. ಕೈ ತೆಗದ್ರ ಜೀವ ಉಳದೀತು,” ಎಂದರು ಡಾಕ್ಟರು.

“ಕೈ ತೆಗದ್ರ ಮಿರ್ಚಿ ಬಾಯಿಲೆ ಕರೀಲೇನ್ರಿ?” ಗಂಗಪ್ಪ ಗೋಡೆಗೆ ಮುಖ ತಿರುಗಿಸಿದ.

ಅವನು ಒಪ್ಪುವಷ್ಟರಲ್ಲಿ ನಾವು ರಕ್ತಕ್ಕಿಳಿದಿದ್ದೆವು.

ಗಾಯ ಒರೆಸಿದ ಸೆರಗು ತೊಳೆದ ನೀರಿನ ಜೊತೆ ಇಳಿದು, ಈಗ ನಾನು ಸಿಂಕಿನ ಕೊಳವೆಯಲ್ಲಿದ್ದೇನೆ. ಫಿನಾಯಿಲ್ ಬರುತ್ತದೆ, ಹೋಗುತ್ತದೆ. ಹಗೆ ತೀರಿತು, ಆದರೂ ಒಂದು ಕೊರತೆ. ದ್ಯಾಮವ್ವ ಎದೆ ಬಡಿದುಕೊಂಡು ದೇವರನ್ನು ಬೈದಳು, ಡಾಕ್ಟರನ್ನು ಬೈದಳು. ನನ್ನನ್ನು ಬೈಯಲಿಲ್ಲ. ನಾನಿರುವುದೇ ಅವಳಿಗೆ ಗೊತ್ತಿರಲಿಲ್ಲ.

ಗಂಗಪ್ಪ ಹೋದದ್ದು ಮಂಗಳವಾರ, ಅಮಾವಾಸ್ಯೆಗೂ ಮೊದಲೇ.