ಅಣ್ಣನ ಕೈಗುಣ

ಒಂದೆಲೆಯೂ ಅಲುಗದ ಮಧ್ಯಾಹ್ನ ಶಾಲೆಯ ಅಂಗಳದ ಗುಲ್‌ಮೊಹರ್ ಮರ ನೆಲಕ್ಕುರುಳಿತು. ಗಾಳಿಯಿಲ್ಲ, ಮಳೆಯಿಲ್ಲ, ಯಾರೂ ಕೊಡಲಿ ಮುಟ್ಟಿಲ್ಲ. ಮೈತುಂಬ ಹೂ ಬಿಟ್ಟು ಕೆಂಪಗೆ ನಿಂತಿದ್ದ ಮರ, ತಲೆಸುತ್ತು ಬಂದವರ ಹಾಗೆ ಒಂದು ಪಕ್ಕಕ್ಕೆ ವಾಲಿ ಮಲಗಿಬಿಟ್ಟಿತಂತೆ. ದಿನಾ ಅದರ ಕೆಳಗೆ ಕೂತು ಊಟದ ಡಬ್ಬಿ ಬಿಚ್ಚುವ ಸಣ್ಣ ಮಕ್ಕಳು ಆಗಷ್ಟೇ ಗಂಟೆ ಕೇಳಿ ಒಳಗೆ ಓಡಿದ್ದರು. ಯಾವುದೋ ಮಗು ಮರೆತ ಒಂದು ಡಬ್ಬಿ ಕಲ್ಲುಬೆಂಚಿನ ಮೇಲೆ ಉಳಿದಿತ್ತು. ನಾನು ಹೋಗಿ ನೋಡುವಾಗ ಬೆಂಚು ಮೂರು ತುಂಡಾಗಿತ್ತು, ಡಬ್ಬಿ ಕಾಗದದಷ್ಟು ತೆಳ್ಳಗಾಗಿತ್ತು.

ಶಾಲೆಯ ಹೆಡ್ ಮಿಸ್ ಫೋನ್ ಮಾಡಿದಾಗ ನಾನು, ಅಣ್ಣನೂ ನಾನೂ ನಡೆಸುವ ಗಿಡಗಳ ನರ್ಸರಿಯ ಕಾವಲುಗಾರನ ಜೊತೆ ಜಗಳದಲ್ಲಿದ್ದೆ. ಜಗಳ ಹಳೆಯದೇ. ಗಿಡ ಬೆಳೆಸುವ ಕಪ್ಪು ಪ್ಲಾಸ್ಟಿಕ್ ಕುಂಡಗಳಿಗೆ ಕಾಲು ಬಂದು ಅವು ಎಲ್ಲಿಗೋ ಹೋಗಿಬಿಡುತ್ತಿದ್ದವು. ಗಿಡದ ಜೊತೆ ಹೊರಗೆ ಹೋದ ಕುಂಡ ಖಾಲಿಯಾಗಿ ವಾಪಸು ಬರಬೇಕಲ್ಲ, ಬರುತ್ತಿರಲಿಲ್ಲ. ಕಳ್ಳ ಸಿಕ್ಕಿಬೀಳಲಿ ಎಂದು ಪ್ರತಿಯೊಂದು ಕುಂಡದ ಅಂಚಿಗೂ ನಾನೇ ಬಿಳಿ ಪಟ್ಟೆ ಬಳಿಯುತ್ತಿದ್ದೆ. ಅಣ್ಣನ ಹತ್ತಿರ ಹೇಳಿದರೆ, "ಹೋಗ್ಲಿ ಬಿಡೇ, ಕುಂಡ ತಾನೇ" ಎಂದು ನಕ್ಕುಬಿಡುತ್ತಿದ್ದ. ಅಣ್ಣ ಧಾರಾಳಿ, ನಾನು ಜುಗ್ಗಿ ಎಂದು ಎಲ್ಲರೂ ಒಪ್ಪಿಕೊಂಡಾಗಿತ್ತು.

"ನೋಡಮ್ಮಾ, ನಿಮ್ಮಣ್ಣ ನೆಟ್ಟ ಮರ ಬಿದ್ದಿದೆ. ಬೇಗ ಬನ್ನಿ" ಎಂದರು ಹೆಡ್ ಮಿಸ್.

"ಮಕ್ಕಳು..." ಎಂದೆ.

"ಒಳಗಿದ್ರು. ಯಾರಿಗೂ ಏನೂ ಆಗಿಲ್ಲ. ನೀವು ಬನ್ನಿ ಮೊದ್ಲು."

ಅಣ್ಣನ ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರಿಗೂ ಅವನು 'ಕೈಗುಣದವರು'. ಬೇರೆಯವರು ನೆಟ್ಟ ಗಿಡಗಳಲ್ಲಿ ಅರ್ಧಕ್ಕರ್ಧ ಒಣಗಿಹೋದರೆ, ಅಣ್ಣ ನೆಟ್ಟದ್ದು ಒಂದೂ ಸಾಯುತ್ತಿರಲಿಲ್ಲ. ನೆಟ್ಟ ಮರುದಿನ ಒಂದೆಲೆಯೂ ಬಾಡಿರುತ್ತಿರಲಿಲ್ಲ. ಮನೆ ಕಟ್ಟಿದವರು, ಅಂಗಡಿ ತೆರೆದವರು, ಮಗು ಹೆತ್ತವರು ಎಲ್ಲರೂ ಅವನನ್ನೇ ಕರೆಯಬೇಕು. ಗುಂಡಿ ತೋಡುವುದು, ಗೊಬ್ಬರ ಬೆರೆಸುವುದು, ನೀರು ಹೊರುವುದು ನನ್ನ ಪಾಲು. ಗಿಡ ಇಳಿಸುವುದು ಮಾತ್ರ ಅವನೊಬ್ಬನದೇ. ಆ ಹೊತ್ತಿಗೆ ಹತ್ತಿರ ಯಾರೂ ಇರಕೂಡದು ಎಂಬುದು ಅವನ ಕಟ್ಟಪ್ಪಣೆ. ಬೇರು ಬರಿಮೈಯಲ್ಲಿರುವಾಗ ಯಾರ ಕಣ್ಣೂ ಬೀಳಬಾರದಂತೆ. ಮನೆಯವರನ್ನು ಒಳಗೆ ಕಳಿಸುತ್ತಿದ್ದ, ನನ್ನನ್ನು ನೀರಿಗೆ ಅಟ್ಟುತ್ತಿದ್ದ. "ಯಾಕೆ, ಬೇರೇನು ಸ್ನಾನ ಮಾಡ್ತಿರತ್ತಾ?" ಎಂದು ನಾನು ರೇಗಿಸುತ್ತಿದ್ದೆ. ಕೊಡ ಹೊತ್ತು ಬರುವಷ್ಟರಲ್ಲಿ ಗಿಡ ನಿಂತಿರುತ್ತಿತ್ತು, ಅಣ್ಣ ಅಂಗೈಯಲ್ಲಿ ಮಣ್ಣು ತಟ್ಟುತ್ತಿರುತ್ತಿದ್ದ. ಅವನನ್ನು ಕಂಡರೆ ನನಗೆ ಹೆಮ್ಮೆಯೋ ಹೆಮ್ಮೆ. ಅಪ್ಪ ತೀರಿಹೋದ ಮೇಲೆ ನನ್ನನ್ನು ಸಾಕಿದವನೂ ಅವನೇ.

ಶಾಲೆಗೆ ಹೋದಾಗ ಗರಗಸ ಆಗಲೇ ಬಂದಿದ್ದ. ಮರ ಕೊಯ್ಯುವ ಕೆಲಸದಿಂದ ಬಂದ ಹೆಸರು ಅದು. ಬಿದ್ದ ಮರದ ವಾಸನೆ ಸಿಕ್ಕರೆ ಕರೆಯದೆಯೂ ಹಾಜರಾಗುವ ಆಸಾಮಿ. ಆದರೆ ಆವತ್ತು ಯಂತ್ರವನ್ನು ನೆಲದ ಮೇಲಿಟ್ಟು ಕೈಕಟ್ಟಿ ನಿಂತಿದ್ದ.

"ಅಕ್ಕಾ, ನಾನಿದನ್ನ ಮುಟ್ಟಲ್ಲ. ಮೊದ್ಲು ನೀವು ಬುಡ ನೋಡಿ" ಎಂದ.

ನೋಡಿದೆ. ಬಿದ್ದ ಮರಗಳನ್ನು ಬೇಕಾದಷ್ಟು ಕಂಡವಳು ನಾನು. ದೊಡ್ಡ ಮರ ಉರುಳಿದರೆ ಅಂಗಳದಷ್ಟು ಮಣ್ಣು ಬೇರಿನ ಜೊತೆ ಎದ್ದು ಬರುತ್ತದೆ, ಸುತ್ತ ಹರಿದ ಬೇರುಗಳು ನೇತಾಡುತ್ತಿರುತ್ತವೆ. ಇಲ್ಲಿ ಮಣ್ಣೂ ಎದ್ದಿರಲಿಲ್ಲ, ಬೇರೂ ಚಾಚಿರಲಿಲ್ಲ. ಎರಡಾಳೆತ್ತರಕ್ಕೂ ಮೀರಿ ಬೆಳೆದ ಮರದ ಬುಡದಲ್ಲಿ ಒಂದು ಬಕೆಟ್‌ನಷ್ಟು ದೊಡ್ಡ ಉಂಡೆ ಇತ್ತು, ಅಷ್ಟೇ. ಬೇರುಗಳು ಸಿಂಬಿಯ ಹಾಗೆ ಒಂದರ ಮೇಲೊಂದು ಸುತ್ತಿ ಸುತ್ತಿ, ಹೊರಗೆ ದಾರಿ ಕಾಣದೆ ಮರದ ಕುತ್ತಿಗೆಯನ್ನೇ ಬಿಗಿದಿದ್ದವು. ಉಂಡೆಯ ತಳದಿಂದ ನುಸುಳಿದ ಬೆರಳುಗಾತ್ರದ ನಾಲ್ಕಾರು ಬೇರುಗಳೇ ಇಷ್ಟು ದಿನ ಆ ಮರವನ್ನು ಹಿಡಿದುಕೊಂಡಿದ್ದವು. ಈಗ ಅವೂ ಮುರಿದು ಬಿದ್ದಿದ್ದವು.

ಉಂಡೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಅಂಟಿಕೊಂಡಿತ್ತು. ಕೈಯಿಂದ ಮಣ್ಣು ಒರೆಸಿದೆ. ಅಂಚಿನಲ್ಲಿ ಬಿಳಿ ಪಟ್ಟೆ. ಸ್ವಲ್ಪ ಸೊಟ್ಟಗೆ, ಎಡಗಡೆ ದಪ್ಪ, ಬಲಗಡೆ ಸಣ್ಣ. ನನ್ನ ಕೈಯ ಪಟ್ಟೆ ನನಗೆ ಗೊತ್ತಾಗುವುದಿಲ್ಲವೇ?

ಕಳ್ಳ ಸಿಕ್ಕಿದ್ದ.

"ಇದೇನಮ್ಮಾ, ಕುಂಡ ಅಲ್ವಾ?" ಹೆಡ್ ಮಿಸ್ ಬಗ್ಗಿ ಕೇಳಿದರು.

ಯಾರೋ ಕಸ ಹೂತಿರಬೇಕು ಮೇಡಂ ಎಂಬ ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತರಗತಿಯ ಕಿಟಕಿಗಳ ತುಂಬ ಸಣ್ಣ ಸಣ್ಣ ಮುಖಗಳು ಕಂಡವು. ಕಾಂಪೌಂಡಿನ ಉದ್ದಕ್ಕೂ ಅಣ್ಣ ನೆಟ್ಟ ಇನ್ನೂ ಒಂದು ಸಾಲು ಮರಗಳಿದ್ದವು. ಎಲ್ಲದರ ನೆರಳೂ ಆಟದ ಜಾಗದ ಮೇಲೇ.

ಗರಗಸನ ಹಾರೆ ಕಿತ್ತುಕೊಂಡು ಪಕ್ಕದ ಮರದ ಬುಡಕ್ಕೆ ಚುಚ್ಚಿದೆ. ಒಂದು ಗೇಣು ಇಳಿಯುವಷ್ಟರಲ್ಲಿ 'ಟಕ್' ಎಂದಿತು. ಮಣ್ಣು ಕೆದಕಿದರೆ ಕಪ್ಪು ಅಂಚು. ಅದರ ಮುಂದಿನದಕ್ಕೆ ಚುಚ್ಚಿದೆ, ಅಲ್ಲೂ ಅದೇ. ಕೊನೆಯ ಮರದ ಹತ್ತಿರ ಬರುವಷ್ಟರಲ್ಲಿ ಗರಗಸ, "ಸಾಕು ಬಿಡಿ ಅಕ್ಕಾ" ಎಂದು ಹಾರೆ ಇಸಿದುಕೊಂಡ.

"ಮೇಡಂ, ಇವತ್ತಿಂದ ಒಂದು ಮಗೂನೂ ಅಂಗಳಕ್ಕೆ ಬಿಡ್ಬೇಡಿ. ಯಾವ ಮರದ ಕೆಳಗೂ ಬೇಡ" ಎಂದೆ.

ಆಸ್ಪತ್ರೆಯ ಗೇಟಿನ ಎರಡೂ ಬದಿಗೆ ಅಣ್ಣನ ಮರಗಳು. ಬಸ್ ನಿಲ್ದಾಣದ ಹಿಂದೆ ಅವನವೇ. ಹಾಲಿನ ಅಂಗಡಿಯ ಮುಂದೆ, ಗ್ರಂಥಾಲಯದ ಮೆಟ್ಟಿಲ ಪಕ್ಕ, ಮನೆಮನೆಯ ಜಗಲಿಯ ಎದುರು. ಅಣ್ಣನ ಮರವಿಲ್ಲದ ಬೀದಿ ಯಾವುದೆಂದು ಯೋಚಿಸಿದರೆ ಒಂದೂ ಹೊಳೆಯಲಿಲ್ಲ. ಹಗ್ಗ ಕಟ್ಟಿ ಜನರನ್ನು ದೂರ ಇಡು ಎಂದು ಗರಗಸನನ್ನು ಆಸ್ಪತ್ರೆಗೆ ಓಡಿಸಿ, ನಾನು ಅಣ್ಣನನ್ನು ಹುಡುಕಿಕೊಂಡು ಹೊರಟೆ.

ಅವನು ಎರಡು ಬೀದಿ ಆಚೆ, ಹೊಸದಾಗಿ ಕಟ್ಟಿದ ಮನೆಯೊಂದರ ಹಿತ್ತಲಲ್ಲಿದ್ದ. ಮನೆಯವರು ಅವನ ಅಪ್ಪಣೆಯಂತೆ ಒಳಗೆ ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದರು. ಬಾಗಿಲು ತೆಗೆದ ಹೆಂಗಸು, "ಈಗ ಹೋಗ್ಬೇಡಿ, ಗಿಡ ಇಳಿಸ್ತಿದಾರೆ" ಎಂದು ಪಿಸುಗುಟ್ಟಿದಳು. ಇಷ್ಟು ಕಾಲ ನಾನು ದಾಟದ ಹೊಸ್ತಿಲು ಅದು. ದಾಟಿದೆ.

ಅಣ್ಣ ಮಂಡಿಯೂರಿ ಕೂತು ಗಿಡವನ್ನು ಗುಂಡಿಗೆ ಇಳಿಸುತ್ತಿದ್ದ, ಕುಂಡದ ಸಮೇತ. ಎಳೆಮಗುವನ್ನು ಮಲಗಿಸುವಷ್ಟು ಮೆತ್ತಗೆ ಇಳಿಸಿ, ಬಿಳಿ ಪಟ್ಟೆ ಮುಚ್ಚುವಂತೆ ಮಣ್ಣು ಎಳೆದುಕೊಂಡ. ಅಷ್ಟೇ ಕೈಗುಣ. ಎಂಥ ಚಂದದ ಕೈ ಎಂದು ಊರೇ ಹೊಗಳುತ್ತಿದ್ದ ಕೈ.

"ಏಯ್, ಆಚೆ ಹೋಗೇ!" ತಲೆಯೆತ್ತಿದವನೇ ಗದರಿದ.

"ಕುಂಡ ತೆಗಿ ಅಣ್ಣ."

"ಏನು?"

"ಶಾಲೆ ಮರ ಬಿತ್ತು. ಬುಡ ನೋಡ್ಕೊಂಡು ಬಂದೆ."

ಅವನು ಗುಂಡಿಯ ಪಕ್ಕ ಹಾಗೇ ಕುಸಿದು ಕೂತ. ಮೊದಲು ಕೇಳಿದ್ದು ಮಕ್ಕಳನ್ನೇ. ಒಳಗಿದ್ದರು ಎಂದಮೇಲೆ ಮುಖವನ್ನು ಮಣ್ಣಿನ ಕೈಯಲ್ಲೇ ಒರೆಸಿಕೊಂಡ.

"ಬೇರು ಅಲುಗಿದ್ರೆ ಗಿಡ ಸಾಯತ್ತೆ ಕಣೇ. ಕುಂಡದ ಸಮೇತ ಇಟ್ರೆ ಅದಕ್ಕೆ ಜಾಗ ಬದಲಾಗಿದ್ದೇ ಗೊತ್ತಾಗಲ್ಲ. ದೊಡ್ಡದಾದ್ಮೇಲೆ ತಾನೇ ಪ್ಲಾಸ್ಟಿಕ್ ಒಡ್ಕೊಂಡು ಹೋಗತ್ತೆ ಅಂದ್ಕೊಂಡಿದ್ದೆ. ನಂಗೇನು ಗೊತ್ತು, ಹೀಗಾಗತ್ತೆ ಅಂತ?"

ನಾನು ನಂಬಿದೆ. ಸಿಟ್ಟು ನೆತ್ತಿಗೇರಿದ್ದರೂ ಒಳಗೊಳಗೇ ಸಮಾಧಾನವಾಯಿತು. ಪೆದ್ದುತನ ತಾನೇ? ಪೆದ್ದುತನಕ್ಕೆ ಬೈಯಬಹುದು, ಅತ್ತು ಕರೆದು ಸರಿಮಾಡಬಹುದು. ಬಾಯಿಗೆ ಬಂದಂತೆ ಬೈದೆ. ಬೈಯುತ್ತಾ ಬೈಯುತ್ತಾ ನಮ್ಮ ಮನೆಯ ಬಾದಾಮಿ ಮರ ನೆನಪಾಯಿತು.

ಮಗಳು ಹುಟ್ಟಿದ ವರ್ಷ ಅಣ್ಣ ನೆಟ್ಟ ಮರ ಅದು. ಈಗ ಅವಳ ಕೋಣೆಯ ತಗಡಿನ ಮಾಡಿನ ಮೇಲೆ ಕೊಡೆ ಹಿಡಿದ ಹಾಗೆ ಹಬ್ಬಿದೆ. ಜ್ವರವೆಂದು ಅವಳು ಆವತ್ತು ಶಾಲೆಗೆ ಹೋಗದೆ ಆ ಕೋಣೆಯಲ್ಲೇ ಮಲಗಿದ್ದಳು.

ಓಡಿದೆ. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯದು. ಹಿಂದಿನಿಂದ ಅಣ್ಣ, "ನಿಲ್ಲೇ, ನಿಮ್ಮನೇದಕ್ಕೆ ಏನೂ ಆಗಲ್ಲ!" ಎಂದು ಕೂಗಿದ್ದು ಕೇಳಿಸಿತು. ಸಮಾಧಾನದ ಮಾತು ಎಂದುಕೊಂಡೆ.

ಮಗಳು ಗೋಡೆಗೆ ಮುಖಮಾಡಿ ನಿದ್ದೆ ಹೋಗಿದ್ದಳು. ಹೊದಿಕೆ ಸಮೇತ ಎಳೆದುಕೊಂಡು ಹೊರಗೆ ತಂದೆ. "ಏನಮ್ಮಾ, ಭೂಕಂಪನಾ?" ಎಂದು ಗೊಣಗಿದಳು. ಎದುರುಮನೆಯ ಮೆಟ್ಟಿಲ ಮೇಲೆ ಕೂರಿಸಿ, ಅಲ್ಲಿಂದ ಕದಲಿದರೆ ಕಾಲು ಮುರಿಯುತ್ತೇನೆ ಎಂದು ಹೇಳಿ, ಗುದ್ದಲಿ ತಂದು ಮರದ ಬುಡಕ್ಕೆ ಹಾಕಿದೆ.

ಪ್ರತಿ ಏಟಿಗೂ 'ಟಕ್' ಸದ್ದಿಗೆ ಕಾಯುತ್ತಿದ್ದೆ. ಮಣ್ಣು, ಮತ್ತೆ ಮಣ್ಣು. ಪ್ಲಾಸ್ಟಿಕ್ ಇರಬಾರದು, ದೇವರೇ ಇರಬಾರದು ಎಂದು ಬಾಯಿಬಿಟ್ಟು ಬೇಡುತ್ತಿದ್ದೆ. ಮೊಣಕೈ ಆಳಕ್ಕೆ ಹೋದಾಗ ಬೇರು ಸಿಕ್ಕಿತು. ತೋಳಿನಷ್ಟು ದಪ್ಪ, ಯಾವ ಅಂಕುಡೊಂಕೂ ಇಲ್ಲದೆ ನೇರವಾಗಿ ಗೋಡೆಯಿಂದಾಚೆಗೆ ಹೋಗಿತ್ತು. ಇನ್ನೊಂದು ಕಡೆ ಅಗೆದೆ, ಅಲ್ಲೂ ಅಂಥದ್ದೇ ಒಂದು, ಹಿತ್ತಲ ಉದ್ದಕ್ಕೂ. ಕುಂಡವಿಲ್ಲ. ಮರ ಕಲ್ಲುಗಟ್ಟಿ. ಕಾಂಡ ತಬ್ಬಿಕೊಂಡು ಹುಚ್ಚಿಯ ಹಾಗೆ ನಕ್ಕೆ, ಅತ್ತೆ. ಎದುರುಮನೆಯವರು ಬಾಗಿಲಿಗೆ ಬಂದು ನೋಡುತ್ತಿದ್ದರು, ನೋಡಿಕೊಳ್ಳಲಿ ಎಂದು ಬಿಟ್ಟೆ.

ಉಸಿರು ಹದಕ್ಕೆ ಬಂದಮೇಲೆ ಬುದ್ಧಿಯೂ ಬಂತು. ಇದಕ್ಕೆ ಮಾತ್ರ ಯಾಕಿಲ್ಲ?

ಆ ಜಾಗದಲ್ಲಿ ಅಣ್ಣ ಮೊದಲು ನೆಟ್ಟ ಗಿಡ ಒಣಗಿತ್ತು. ಎರಡನೆಯದೂ ಒಣಗಿತ್ತು. ತಂಗಿಯ ಮನೆಯಲ್ಲೇ ಕೈಗುಣ ಕೈಕೊಟ್ಟಿತು ಎಂದು ಊರೆಲ್ಲ ನಕ್ಕಿದ್ದರು, ನಾನೂ ಸೇರಿ. ಒಣಗಿದ್ದನ್ನು ಕಿತ್ತು ಎಸೆದವಳು ನಾನೇ. ಕಿತ್ತಾಗ ಕೈಗೆ ಬಂದದ್ದು ಬರಿಯ ಬೇರು, ಕುಂಡ ಇರಲಿಲ್ಲ.

ಗೇಟಿನ ಸದ್ದಾಯಿತು. ಅಣ್ಣ ಏದುಸಿರು ಬಿಡುತ್ತಾ ಒಳಗೆ ಬಂದ. ಒಂದು ಕೈಯಲ್ಲಿ ನನ್ನ ಚಪ್ಪಲಿ ಇತ್ತು. ಅಗೆದ ಗುಂಡಿ ನೋಡಿದ, ನನ್ನನ್ನು ನೋಡಿದ.

"ಹೇಳಿದ್ನಲ್ಲ, ಏನೂ ಆಗಲ್ಲ ಅಂತ" ಎಂದ.

"ಇದಕ್ಕೆ ಯಾಕೆ ಕುಂಡ ಇಲ್ಲ?"

ಅವನು ಕೈಯಲ್ಲಿದ್ದ ಚಪ್ಪಲಿಯ ಮಣ್ಣು ಕೊಡವತೊಡಗಿದ.

"ಬಾಯಿ ಬಿಡು ಅಣ್ಣ. ಯಾಕಿಲ್ಲ?"

"ಮಗು ಮಲಗೋ ಜಾಗ ಅಲ್ವೇನೇ" ಎಂದ. ಎಷ್ಟು ಪ್ರೀತಿಯಿಂದ ಹೇಳಿದ ಎಂದರೆ, ಒಂದು ಕ್ಷಣ ಅದು ಪ್ರೀತಿಯ ಮಾತಾಗಿಯೇ ಕೇಳಿಸಿತು. ಆಮೇಲೆ ಅದರ ಅರ್ಥ ಹೊಳೆಯಿತು.

"ಹಾಗಾದ್ರೆ ನಿಂಗೆ ಗೊತ್ತಿತ್ತು."

"ನಿಮ್ಮನೇಲಿ ಗಿಡ ಸತ್ರೆ ನೀನು ನಗ್ತೀಯ, ಅಷ್ಟೇ. ಸತ್ರೆ ಇನ್ನೊಂದು ನೆಟ್ರಾಯ್ತು. ಊರವರ ಮನೇಲಿ ಸತ್ರೆ ಆಮೇಲೆ ನನ್ನ ಯಾರು ಕರೀತಾರೆ?"

"ಅವರ ಮನೇಲೂ ಮಕ್ಕಳು ಮಲಗ್ತಾರೆ."

"ಎಲ್ಲಾ ಮರಾನೂ ಬೀಳಲ್ಲ ಕಣೇ" ಎಂದ. ಮೆಲ್ಲಗೆ, ಹಟಮಾಡುವ ಮಗುವಿಗೆ ಬುದ್ಧಿ ಹೇಳುವ ಹಾಗೆ. ಚಿಕ್ಕಂದಿನಲ್ಲಿ ನನಗೆ ಅನ್ನ ಕಲಸಿ ಕೊಡುವಾಗಲೂ ಇದೇ ದನಿಯಲ್ಲಿ ಮಾತಾಡುತ್ತಿದ್ದ.

ಎದುರುಮನೆಯ ಮೆಟ್ಟಿಲಿನಿಂದ ಮಗಳು "ಮಾಮಾ!" ಎಂದು ಕೂಗಿ, ನನ್ನ ಬೆದರಿಕೆಯನ್ನು ಮರೆತು ಓಡಿಬಂದಳು. ಅಣ್ಣ ಚಪ್ಪಲಿ ಕೆಳಗಿಟ್ಟು ಎರಡೂ ಕೈ ಚಾಚಿದ. ನಾನು ನಡುವೆ ನಿಂತೆ. ಯಾಕೆ ನಿಂತೆನೆಂದು ನನಗೂ ಗೊತ್ತಿಲ್ಲ. ಅವಳಿಗೆ ಅವನಿಂದ ಯಾವ ಅಪಾಯವೂ ಇರಲಿಲ್ಲ. ಇಡೀ ಊರಿನಲ್ಲಿ ಅವಳೊಬ್ಬಳಿಗೇ ಇರಲಿಲ್ಲ.

"ಗುದ್ದಲಿ ತಗೋ. ಆಸ್ಪತ್ರೆ ಗೇಟಿಗೆ ನಡಿ. ಒಂದೊಂದು ಮರದ ಬುಡಾನೂ ನೀನೇ ಅಗೆದು ಕುಂಡ ಬಿಡಿಸ್ಬೇಕು, ಹಗಲು ಹೊತ್ತಲ್ಲಿ."

"ಜನ ನೋಡ್ತಾರಲ್ಲೇ..."

"ನೋಡ್ಲಿ."

ಅವನು ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಹೋದ. ತಿರುವಿನಲ್ಲಿ ಯಾರೋ ಹೆಂಗಸು, "ಕೈಗುಣದವ್ರೇ, ನಮ್ಮನೆಗೆ ಯಾವಾಗ ಬರ್ತೀರಿ?" ಎಂದು ಕೇಳುವುದು ಇಲ್ಲಿಗೂ ಕೇಳಿಸಿತು.

ಅವನ ಹಿಂದೆಯೇ ನಾನೂ ಹೋಗಬೇಕಿತ್ತು. ಹೋಗುವ ಮೊದಲು ಮತ್ತೆ ಮರದ ಬುಡದಲ್ಲಿ ಕೂತು, ಅಗೆಯದೆ ಉಳಿದಿದ್ದ ಬದಿಯನ್ನು ಬರಿಗೈಯಲ್ಲಿ ಕೆದಕಿದೆ. ಒಂದು ಚೂರು ಕಪ್ಪು ಪ್ಲಾಸ್ಟಿಕ್ ಸಿಕ್ಕಿದ್ದರೆ ಸಾಕಿತ್ತು, ನನ್ನ ಅಣ್ಣ ಪೆದ್ದ ಎಂದುಕೊಂಡು ಬದುಕಿಬಿಡುತ್ತಿದ್ದೆ. ಉಗುರು ಕಿತ್ತು ಬರುವವರೆಗೂ ಕೆದಕಿದೆ. ಬೇರು ಮಾತ್ರ ಸಿಗುತ್ತಾ ಹೋಯಿತು.