ಮೂರನೇ ಮಹಡಿಯಿಂದ ಎಕ್ಸ್-ರೇ ಕೋಣೆಗೆ

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕೂರುತ್ತಿದ್ದ ಕಂಪ್ಯೂಟರ್ ರಿಪೇರಿಯವನಿಗೆ ಎಲ್ಲರೂ ಬೆನ್ನ ಹಿಂದೆ ಇಟ್ಟಿದ್ದ ಹೆಸರು ‘ಕೂತಲ್ಲೇ ಸಾಹೇಬ’. ಅದು ಅವನ ಕಿವಿಗೂ ಬಿದ್ದಿತ್ತು. ಬೇಜಾರಾಗುವ ಬದಲು ಅವನು ಒಳಗೊಳಗೇ ಹಿಗ್ಗಿದ್ದ. ಯಾವ ಕೋಣೆಯ ಕಂಪ್ಯೂಟರ್ ಕೈಕೊಟ್ಟರೂ ತನ್ನ ಪರದೆಯಿಂದಲೇ ರಿಮೋಟ್‌ನಲ್ಲಿ ಅದರೊಳಗೆ ಹೊಕ್ಕು, ಕುರ್ಚಿ ಬಿಟ್ಟೇಳದೆ ಸರಿಮಾಡುವುದೆಂದರೆ ಸಣ್ಣ ವಿದ್ಯೆಯೇ? ಆ ವಿದ್ಯೆಯ ಜೊತೆಜೊತೆಗೇ ಹೊಟ್ಟೆಯೂ ಬೆಳೆದಿತ್ತು, ಅದು ಬೇರೆ ಮಾತು.

ಒಂದು ಬೆಳಿಗ್ಗೆ ಅಂಗಳದಾಚೆಯ ಎಕ್ಸ್-ರೇ ಕೋಣೆಯಿಂದ ಫೋನ್ ಬಂತು. ಆರು ವರ್ಷದಿಂದ ಅವನಿಗೆ ಗೊತ್ತಿದ್ದದ್ದು ಅಲ್ಲಿನ ಅಕ್ಕನ ದನಿಯಷ್ಟೇ.

“ಸಾರ್, ಹನ್ನೊಂದು ಜನರದ್ದು ತೆಗೆದಿದ್ದೀನಿ. ಒಂದು ಚಿತ್ರಾನೂ ಡಾಕ್ಟರ್ ಕೋಣೆಗೆ ಹೋಗ್ತಿಲ್ಲ. ಒಂದ್ಸಲ ಬಂದು ನೋಡ್ತೀರಾ?”

“ಬರೋದ್ಯಾಕಕ್ಕಾ? ಎರಡೇ ನಿಮಿಷ.”

ಎರಡು ನಿಮಿಷ ಮುಕ್ಕಾಲು ಗಂಟೆಯಾಯಿತು. ಅಲ್ಲಿದ್ದದ್ದು ಹದಿನಾಲ್ಕು ವರ್ಷದ ಹಳೆಯ ಕಂಪ್ಯೂಟರ್. ಕರೆದರೆ ಓಗೊಡುತ್ತಿತ್ತು, ಒಳಗೆ ಮಾತ್ರ ಬಿಟ್ಟುಕೊಳ್ಳುತ್ತಿರಲಿಲ್ಲ. ಪಾಸ್‌ವರ್ಡ್ ನಾಲ್ಕು ಸಲ ಹಾಕಿದ. ಐಪಿ ವಿಳಾಸದ ಅಂಕಿಗಳನ್ನು ಅಕ್ಕನಿಂದ ಎರಡೆರಡು ಬಾರಿ ಓದಿಸಿದ. ಹೊರಗಿನವರನ್ನು ತಡೆಯುವ ಫೈರ್‌ವಾಲ್ ನೋಡಿಸಿದ. ಎಲ್ಲ ಸರಿಯಾಗಿಯೇ ಇತ್ತು. ಕೊನೆಗೆ ಹೊಳೆಯಿತು: ಹಿಂದಿನ ದಿನ ತನ್ನ ಕಂಪ್ಯೂಟರಿಗೆ ತಾನೇ ಹಾಕಿದ್ದ ಅಪ್‌ಡೇಟ್, ಆ ಮುದಿ ಯಂತ್ರದ ಹಳೇ ಕಾಲದ ಭದ್ರತೆಯನ್ನು ಒಪ್ಪುತ್ತಿಲ್ಲ. ಒಂದು ಸೆಟ್ಟಿಂಗ್ ಸಡಿಲಿಸಿದ್ದೇ ತಡ, ಎಕ್ಸ್-ರೇ ಕೋಣೆಯ ಪರದೆ ಕಣ್ಣೆದುರು ತೆರೆದುಕೊಂಡಿತು. ತಾನೇ ಹಾಕಿದ ಗಂಟನ್ನು ತಾನೇ ಬಿಚ್ಚಿ ಅವನು ಮೀಸೆ ತಿರುವಿದ.

ಒಳಗೆ ನೋಡಿದರೆ, ಹೊರಗಿನ ಸಂಪರ್ಕಕ್ಕೆ ಒಂದರ ಬದಲು ಎರಡು ನೆಟ್‌ವರ್ಕ್ ಕಾರ್ಡ್. ಒಂದು ಬೇಡದ್ದು, ಚಿತ್ರಗಳು ದಾರಿ ತಪ್ಪುತ್ತಿದ್ದದ್ದು ಅದರಿಂದಲೇ. ರೋಗವನ್ನೇನೋ ಸರಿಯಾಗಿಯೇ ಹಿಡಿದಿದ್ದ. ಆದರೆ ಯಾವುದು ಯಾವುದೆಂದು ಹೆಸರು ಓದುವ ವ್ಯವಧಾನ ಯಾರಿಗಿತ್ತು? ಮೇಲಿನದನ್ನು ಟಪ್ಪೆಂದು ಬಂದ್ ಮಾಡಿದ. ಪರದೆ ಇದ್ದಲ್ಲೇ ಕಲ್ಲಾಯಿತು. ತಾನು ಯಾವ ಕಾರ್ಡಿನ ಮೂಲಕ ಒಳಗೆ ಹೋಗಿದ್ದನೋ ಅದನ್ನೇ ಮುಚ್ಚಿದ್ದ.

ಫೋನ್ ಬಂತು. “ಸಾರ್, ಈಗ ನೆಟ್‌ವರ್ಕೇ ಇಲ್ಲ ಅಂತಿದೆ. ನೀವೇನಾದ್ರೂ ಮಾಡಿದ್ರಾ?”

“ನಾನಾ? ಹಳೇ ಮಿಷಿನ್ ಅಲ್ವಾ ಅಕ್ಕಾ... ಇರಿ, ಬಂದೆ.”

ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲಿಳಿದು, ಅಂಗಳ ದಾಟಿ, ಎಕ್ಸ್-ರೇ ಕೋಣೆಯ ಬಾಗಿಲು ಮುಟ್ಟುವಷ್ಟರಲ್ಲಿ ಅವನಿಗೆ ಏದುಸಿರು. ಒಳಗೆ ನರೆಗೂದಲ ತೆಳ್ಳನೆಯ ಹೆಂಗಸೊಬ್ಬಳು ಆ ಏದುಸಿರು ಕೇಳಿ, ತಿರುಗಿಯೂ ನೋಡದೆ ಹೇಳಿದಳು:

“ಎದೇದು ತಾನೇ? ಅಂಗಿ ಬಿಚ್ಚಿ, ಆ ಹಲಗೆಗೆ ಎದೆ ಒತ್ತಿ ನಿಂತ್ಕೊಳ್ಳಿ.”

ಆ ದನಿಗೆ ಎದುರಾಡುವಂತಿರಲಿಲ್ಲ. ಬಾಯಿಂದ ಮಾತು ಹೊರಡುವ ಮೊದಲೇ ಕೈ ಮೂರು ಗುಂಡಿ ಬಿಚ್ಚಿತ್ತು.

“ಅಕ್ಕಾ, ನಾನು... ಕಂಪ್ಯೂಟರ್...”

ಅವಳು ತಿರುಗಿ ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಯ್ಯೋ, ನೀವಾ! ಫೋನಲ್ಲಿ ಆ ಗತ್ತು ಕೇಳಿ ಆರಡಿ ಆಳು ಅಂದ್ಕೊಂಡಿದ್ದೆ!”

ಬಾಗಿಲಾಚೆ ಬೆಂಚಿನ ಮೇಲಿದ್ದವರೆಲ್ಲ ನೋವು ಮರೆತು ನಕ್ಕರು. ಅವನು ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಬೇಕಾದ ಕಾರ್ಡನ್ನು ತೆರೆದು, ಬೇಡದ್ದನ್ನು ಮುಚ್ಚಲು ಒಂದು ನಿಮಿಷವೂ ಹಿಡಿಯಲಿಲ್ಲ. ಹನ್ನೊಂದು ಚಿತ್ರಗಳೂ ಸಾಲಾಗಿ ಹೋದವು.

ಮುಂಗೈಗೆ ಪಟ್ಟಿ ಕಟ್ಟಿಕೊಂಡ ಅಜ್ಜಿಯೊಬ್ಬಳು ಇಣುಕಿದಳು. “ಇಷ್ಟಕ್ಕೆ ಅಷ್ಟು ಹೊತ್ತು ಬೇಕಾಯ್ತೇನಪ್ಪಾ?”

ಸುಳ್ಳು ಹೇಳಲು ಅವನಲ್ಲಿ ಉಸಿರೇ ಉಳಿದಿರಲಿಲ್ಲ. “ಇಲ್ಲಜ್ಜೀ, ಅಷ್ಟು ಹೊತ್ತು ಕೆಡಿಸ್ತಾ ಇದ್ದೆ. ಸರಿ ಮಾಡಿದ್ದು ಈಗಷ್ಟೇ.”

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನಿಗೂ ತಡೆಯಲಾಗಲಿಲ್ಲ.

ಮರುದಿನ ಅವನು ಕಾರ್ಡುಗಳ ವಿವರವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಆ ಕಂಪ್ಯೂಟರಿನ ಪಕ್ಕ ಅಂಟಿಸಲು ತಾನೇ ನಡೆದುಕೊಂಡು ಹೋದ. ಅಕ್ಕ ನಿಂತೇ ಓದಿ, ಪೆನ್ನು ತೆಗೆದು ಎರಡು ಕಾಗುಣಿತದ ತಪ್ಪು ತಿದ್ದಿದಳು.

“ಹ್ಞೂಂ, ಈಗ ಅಂಟಿಸು ತಮ್ಮಾ,” ಎಂದು ಟೇಪು ಕೈಗಿತ್ತಳು.