ಬಂಡೆಯ ತುದಿಯ ರೇಲಿಂಗು

ಕಡಲತೀರದ ಆ ಊರಿನಲ್ಲಿ ಉಪ್ಪುಗಾಳಿ ಯಾವುದನ್ನೂ ಬಿಡುವುದಿಲ್ಲ. ಬಾಗಿಲ ಚಿಲಕ, ಸೈಕಲ್ ಚೈನು, ಬೆಲ್ಟಿನ ಕೊಂಡಿ, ಎಲ್ಲವನ್ನೂ ತಿಂದುಹಾಕುತ್ತದೆ. ಹಾಗಾಗಿ ಪುರಸಭೆಯ ಪೇಂಟರಿಗೆ ವರ್ಷವಿಡೀ ಕೈತುಂಬ ಕೆಲಸ. ಪ್ರವಾಸಿಗರ ಕಾಲ ಶುರುವಾಗಲು ನಾಲ್ಕೇ ದಿನ ಇದೆ ಎನ್ನುವಾಗ, ಬಂಡೆಯ ತುದಿಯಲ್ಲಿರುವ ಕಟ್ಟೆಯ ರೇಲಿಂಗಿಗೆ ನೀಲಿ ಬಣ್ಣ ಹೊಡೆಯಬೇಕೆಂದು ಎಂಜಿನಿಯರ್ ಹೇಳಿ ಕಳಿಸಿದರು.

ಆ ಕಟ್ಟೆಯ ಮೇಲೆ ನಿಂತರೆ ಎಂಥ ವಾಚಾಳಿಗೂ ಮಾತು ನಿಲ್ಲುತ್ತದೆ. ಕೆಳಗೆ ಕರಿಬಂಡೆಗಳ ಸಂದಿಗೆ ತೆರೆ ನುಗ್ಗಿ ಹಾಲುಕ್ಕಿದಂತೆ ನೊರೆಯಾಗುತ್ತದೆ. ಎಡಕ್ಕೆ ಮರಳದಂಡೆ ಬಾಗುತ್ತ ಬಾಗುತ್ತ ದೂರದ ಮಬ್ಬಿನಲ್ಲಿ ಕರಗುತ್ತದೆ. ಪೇಂಟರಿಗೆ ಅದನ್ನೆಲ್ಲ ನೋಡುವ ಪುರುಸೊತ್ತಿರಲಿಲ್ಲ. ಹಳೆಯ ಬಣ್ಣ ಕೆರೆಯಲು ತಗಡಿನ ಪಟ್ಟಿ ಆಡಿಸಿದ್ದೇ ತಡ, ಅದು ಕಂಬಿಯೊಳಕ್ಕೇ ಇಳಿಯಿತು. ಮೇಲೆ ಏಳೆಂಟು ಪದರ ಬಣ್ಣ, ಒಳಗೆ ಬರೀ ತುಕ್ಕಿನ ಪುಡಿ. ಅಷ್ಟೂ ಪದರ ಬಳಿದವನು ತಾನೇ.

ಬ್ರಷ್ಷನ್ನು ಅಲ್ಲೇ ಬಿಟ್ಟು ಕಚೇರಿಗೆ ಹೋದ. "ಸಾರ್, ಮಗು ಒರಗಿದ್ರೂ ಮುರಿಯತ್ತೆ ಅದು."

ಎಂಜಿನಿಯರ್ ಫೈಲಿನಿಂದ ತಲೆ ಎತ್ತಲಿಲ್ಲ. "ನಿನ್ನ ಕೆಲಸ ಏನಯ್ಯಾ?"

"ಪೇಂಟಿಂಗ್ ಸಾರ್."

"ಮತ್ತೆ? ಪೇಂಟ್ ಮಾಡು. ಹೊಸದು ಹಾಕೋಕೆ ಆ ಬಂಡೆ ನಮ್ಮದಲ್ಲ, ಬಂದರಿನವರದು."

ಬಂದರು ಕಚೇರಿಯ ಗುಮಾಸ್ತ, ಬಂಡೆ ತಮ್ಮದೇ ಎಂದು ಒಪ್ಪಿಕೊಂಡ. ಅದರ ಮೇಲಿನ ಕಬ್ಬಿಣ ಮಾತ್ರ ಪ್ರವಾಸೋದ್ಯಮದವರದಂತೆ. ಪ್ರವಾಸೋದ್ಯಮ ಕಚೇರಿಗೆ ಬೀಗ ಬಿದ್ದಿತ್ತು.

ಸುದ್ದಿ ಅವನಿಗಿಂತ ಮುಂಚೆ ಅತ್ತೆಯನ್ನು ತಲುಪಿತ್ತು. ಕಟ್ಟೆಯ ಪಕ್ಕ ಚಹಾ ಮಾರುವವಳು ಅವಳೇ. "ಊರಿಗಿಲ್ಲದ ಉಸಾಬರಿ ನಿಮಗ್ಯಾಕೆ ಅಳಿಯಂದ್ರೇ? ಜನ ಇಲ್ಲಿಗೆ ಬಂದು ನಿಂತ್ರೆ ತಾನೇ ನನ್ನ ಒಲೆ ಉರಿಯೋದು?"

"ನಿಮ್ಮ ಚಮಚ ಕೊಡಿ ಅತ್ತೆ," ಎಂದು ಇಸಿದುಕೊಂಡು ಅವಳೆದುರೇ ಕಂಬಿಗೆ ಕುಟ್ಟಿದ. ಚಮಚ ತೂರಿಕೊಂಡಿತು.

"ದಿನಾ ಸಂಜೆ ಇದಕ್ಕೇ ಒರಗಿ ನಿಲ್ತೀನಲ್ಲಪ್ಪ," ಎಂದು ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. ತನ್ನ ಮದುವೆಯಾದ ಮೇಲೆ ಅವಳು ಹಿಂದೆ ಸರಿದದ್ದನ್ನು ಅಳಿಯ ಕಂಡದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ರೇಲಿಂಗನ್ನು ಒಳಕ್ಕೆ ಎಳೆದು ನೆಲಕ್ಕೆ ಮಲಗಿಸಿದರು. ಕೈಗೆ ಬಲವೇ ಬೇಕಾಗಲಿಲ್ಲ. ಅಂಚಿನಿಂದ ಹತ್ತು ಹೆಜ್ಜೆ ಈಚೆಗೆ ಅವನು ಹಗ್ಗ ಬಿಗಿದ. ಅತ್ತೆ ತನ್ನ ಬೆಂಚನ್ನೂ ಒಲೆಯನ್ನೂ ಈಚೆಗೆ ತಂದಳು.

ಮಧ್ಯಾಹ್ನ ಎಂಜಿನಿಯರ್ ಜೀಪಿನಲ್ಲಿ ಬಂದರು. "ಪುರಸಭೆ ಆಸ್ತಿ ಹಾಳು ಮಾಡಿದ್ದೀಯಲ್ಲ."

"ಹಾಳಾಗಿದ್ದನ್ನ ಮಲಗಿಸಿದ್ದೀನಿ ಸಾರ್. ಒಂದ್ಸಲ ಎತ್ತಿ ನೋಡಿ."

ಎತ್ತಿದರು. ಕಂಬಿ ಅವರ ಕೈಯಲ್ಲೇ ಎರಡಾಯಿತು. ತುಕ್ಕಿನಿಂದ ಕೆಂಪಾದ ಅಂಗೈಯನ್ನು ಕರವಸ್ತ್ರದಲ್ಲಿ ಒರೆಸಿ, "ಬರೆದು ವಿವರಣೆ ಕೊಡು," ಎಂದು ಹೊರಟುಹೋದರು.

ವಿವರಣೆಯನ್ನು ಅವನು ಮೂರು ಸಲ ಬರೆದ. ಮೊದಲನೆಯದು ಉದ್ದವಾಯಿತಂತೆ, ಎರಡನೆಯದು ಚಿಕ್ಕದಾಯಿತಂತೆ, ಮೂರನೆಯದರಲ್ಲಿ ಹಾಳೆಯ ಅಂಚು ಬಿಟ್ಟಿರಲಿಲ್ಲವಂತೆ. ವಿವರಣೆ ಸರಿಹೋಗುವವರೆಗೆ ಅವನನ್ನು ಕಚೇರಿಯ ಗೋಡೆಗೆ ಸುಣ್ಣ ಹೊಡೆಯಲು ಹಾಕಿದರು. ಹೊಸ ರೇಲಿಂಗಿನ ಮಾತನ್ನು ಯಾರೂ ಎತ್ತಲಿಲ್ಲ.

ಪ್ರವಾಸಿಗರು ಬಂದರು. ಹಗ್ಗದ ಕೆಳಗೆ ನುಸುಳಿ ಫೋಟೋ ತೆಗೆಸಿಕೊಳ್ಳತೊಡಗಿದರು. ಕೂಗಿ ಕೂಗಿ ಅತ್ತೆಯ ಗಂಟಲು ಕಟ್ಟಿತು. ಭಾನುವಾರ ಸಂಜೆ ಪೇಂಟರ್ ಮೈಮೇಲಿನ ಸುಣ್ಣ ಸಮೇತ ಅಲ್ಲಿಗೆ ಹೋದ. ಸೂರ್ಯ ನೀರಿಗಿಳಿಯುತ್ತಿದ್ದ. ಹಗ್ಗದ ಆಚೆ ನಿಂತಿದ್ದ ಒಬ್ಬ ದೊಡ್ಡಮನುಷ್ಯ ಸಿಡುಕಿದ: "ಇಷ್ಟು ಚಂದದ ಜಾಗಕ್ಕೆ ಈ ದರಿದ್ರ ಹಗ್ಗ ಕಟ್ಟಿದ್ದು ಯಾರ್ರೀ?"

"ನಾನೇ," ಎಂದ ಪೇಂಟರ್. "ನೀವು ಈಚೆ ಬನ್ನಿ ಸ್ವಾಮಿ. ಆಮೇಲೆ ಎಷ್ಟು ಬೇಕಾದ್ರೂ ಬಯ್ಯಿರಿ."

ಆತ ಬಯ್ಯುತ್ತಲೇ ಈಚೆ ಬಂದ. ಅಷ್ಟರಲ್ಲೇ ಇನ್ನಿಬ್ಬರು ಹಗ್ಗ ಎತ್ತಿ ಆಚೆ ಹೋದರು. ಪೇಂಟರ್ ಅವರತ್ತ ನಡೆದ.